ಕರಿಕಲಮಿನ ಸಿಪ್ಪೆ

ಅಕ್ಟೋಬರ್ 15, ಮಂಗಳವಾರ. ಬೆಳಿಗ್ಗೆ 8.10ಕ್ಕೆ ಉಸ್ಕುದಾರ್ ಠಾಣೆಗೆ ಬಂದ ಹೆಂಗಸು ಎರಡೇ ಮಾತಿನಲ್ಲಿ ದೂರು ಕೊಟ್ಟರು.

"ನಮ್ಮಪ್ಪ ಬರೆಯೋ ಕೋಣೇಲಿ ಸತ್ತು ಬಿದ್ದಿದಾರೆ. ಯಾರೋ ಅವ್ರ ಕಲಮು ಹೆರೆದಿದಾರೆ."

ದೂರು ಬರೆದುಕೊಂಡ ಕಾನ್‌ಸ್ಟೆಬಲ್ ದುರ್ಸುನ್ ಮೊದಲನೆಯ ಮಾತನ್ನು ಎಫ್‌ಐಆರ್‌ಗೆ ಹತ್ತಿಸಿದ, ಎರಡನೆಯದನ್ನು ಬಿಟ್ಟ. ತಂದೆ ಸತ್ತ ಸಂಕಟದಲ್ಲಿ ಏನೋ ಬಡಬಡಿಸುತ್ತಿದ್ದಾರೆ ಅಂದುಕೊಂಡ. ಅವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ನಮ್ಮ ಠಾಣೆಗಳಲ್ಲಿ ಹೆಂಗಸರು ಹೇಳಿದ್ದರ ಅರ್ಧ ಭಾಗ ಕಾಗದಕ್ಕೆ ಬರುವುದೇ ಇಲ್ಲ.

ದೂರುದಾರರ ಹೆಸರು ನೆಫಿಸೆ, ವಯಸ್ಸು ಐವತ್ತಮೂರು. ಸತ್ತವರು ಅವರ ತಂದೆ, ಸುಲೇಖನದ ಗುರು ವೆಹ್ಬಿ, ವಯಸ್ಸು ಎಂಬತ್ತೊಂದು. ಇಸ್ತಾಂಬುಲ್‌ನಲ್ಲಿ ಅಂದದ ಅಕ್ಷರ ಕಲಿತವರು ಯಾರೇ ಆಗಲಿ, ಆ ಹೆಸರು ಹೇಳುವಾಗ ಕೂತಲ್ಲೇ ಸ್ವಲ್ಪ ನೆಟ್ಟಗಾಗುತ್ತಿದ್ದರು.

8.45ಕ್ಕೆ ಇನ್ಸ್‌ಪೆಕ್ಟರ್ ಶೆವ್‌ಕೆತ್ ಸ್ಥಳಕ್ಕೆ ಬಂದರು. ದೋಣಿಕಟ್ಟೆಯಿಂದ ಮೇಲಕ್ಕೆ ಹತ್ತುವ ಓಣಿಯಲ್ಲಿ ಒಂದೇ ಕೋಣೆ. ಮುದುಕ ಕಬ್ಬಿಣದ ಒಲೆಯ ಪಕ್ಕದಲ್ಲಿ ಬಿದ್ದಿದ್ದರು, ತಲೆಯ ಹಿಂಭಾಗದಲ್ಲಿ ಪೆಟ್ಟು. ಒಲೆಯ ಅಂಚಿನಲ್ಲಿ ರಕ್ತ ಒಣಗಿತ್ತು. ಬಾಗಿಲು ಒಡೆದಿರಲಿಲ್ಲ, ಪೆಟ್ಟಿಗೆಗಳನ್ನು ಯಾರೂ ಜಾಲಾಡಿರಲಿಲ್ಲ. ಎದುರಿನ ಚಹಾದಂಗಡಿಯವನನ್ನೂ ಪಕ್ಕದ ರಜಾಯಿ ಹೊಲಿಯುವವನನ್ನೂ ಪಂಚರಾಗಿ ಕೂರಿಸಿಕೊಂಡು ಮಹಜರು ಶುರು ಮಾಡಿದರು.

ಬರೆಯುವ ಮಣೆಯ ಮೇಲೆ ಶಾಯಿ ಕುಡಿಕೆ, ಸಣ್ಣ ಚಾಕು, ಜೊಂಡಿನ ಕಲಮು ಇಟ್ಟು ತುದಿ ಹೆರೆಯುವ ದಂತದ ಪಟ್ಟಿ, ಒಂದು ಕರಿಯ ಕಲಮು. ಮೂಲೆಯಲ್ಲಿ ಬಾಯಿ ಕಟ್ಟಿದ ಗೋಣಿಚೀಲ.

"ಚೀಲದಲ್ಲೇನಿದೆ?" ಶೆವ್‌ಕೆತ್ ಕೇಳಿದರು.

"ಅಪ್ಪ ಅರವತ್ತಮೂರು ವರ್ಷ ಹೆರೆದ ಕಲಮುಗಳ ಸಿಪ್ಪೆ," ಎಂದರು ನೆಫಿಸೆ. "ಅದನ್ನ ಉರಿಸಿ ನೀರು ಕಾಯಿಸಿ ಅವರಿಗೆ ಕೊನೇ ಸ್ನಾನ ಮಾಡಿಸ್ಬೇಕು. ಬರೆಯೋರ ಪದ್ಧತಿ ಅದು. ಅಪ್ಪ ಜೀವಮಾನದಲ್ಲಿ ನನ್ನ ಹತ್ರ ಕೇಳಿದ್ದು ಇದೊಂದೇ, ಸಾಹೇಬ್ರೇ."

"ಕಲಮಿನ ವಿಷಯ ಏನೋ ಹೇಳಿದ್ರಂತೆ?"

ದುರ್ಸುನ್ ಗೋಡೆ ನೋಡತೊಡಗಿದ.

"ಈ ಕರಿಕಲಮು ಅಪ್ಪನಿಗೆ ಅವರ ಗುರುಗಳು ಕೊಟ್ಟಿದ್ದು. ಜಾವಾದ ಕಡೆಯದು, ಇಲ್ಲಿ ಸಿಗಲ್ಲ. ಮೂರು ವರ್ಷಕ್ಕೆ ಒಂದೇ ಸಲ ಹೆರೀತಿದ್ರು, ಸುಲೇಖನ ಸ್ಪರ್ಧೆಯ ತೀರ್ಪುಪತ್ರ ಬರೆಯೋ ದಿನ. ಈ ಸಲ ಮಂಗಳವಾರ ಬೆಳಿಗ್ಗೆ ನಮಾಜ್ ಮುಗಿಸಿ ಬರೀತೀನಿ ಅಂದಿದ್ರು. ಅಂದ್ರೆ ಇವತ್ತು. ನೋಡಿ, ತುದಿ ಆಗ್ಲೇ ಹೊಸದಾಗಿ ಹೆರೆದಿದೆ."

"ನಿನ್ನೇನೇ ಹೆರೆದಿರಬಹುದಲ್ಲ?"

"ಹಾಗಾದ್ರೆ ಕರಿ ಸಿಪ್ಪೆ ಎಲ್ಲಿ?"

ನೆಫಿಸೆ ಚೀಲದ ಬಾಯಿ ಬಿಚ್ಚಿದರು. ಪಂಚರ ಎದುರೇ ಒಂದು ಗೇಣು ಆಳದವರೆಗೆ ಪದರಪದರವಾಗಿ ತೆಗೆದು ಬಟ್ಟೆಯ ಮೇಲೆ ಹರಡಿದರು. ಎಲ್ಲಾ ಹಳದಿ ಬಣ್ಣದ ಜೊಂಡಿನ ಸಿಪ್ಪೆ. ಗೇಣಿನ ಕೆಳಗೆ, ಮೂರು ವರ್ಷದ ಹಿಂದಿನ ಕರಿ ಚೂರು ಉಗುರಿನಷ್ಟಗಲ ಸಿಕ್ಕಿತು. ಮೇಲೆ ಒಂದೂ ಇಲ್ಲ. ನೆಲದ ಮೇಲೆ ಇಲ್ಲ, ಒಲೆಯಲ್ಲಿ ಇಲ್ಲ, ಕಸದ ಬುಟ್ಟಿಯಲ್ಲೂ ಇಲ್ಲ.

ಶೆವ್‌ಕೆತ್ ಆ ಮಾತನ್ನು ತಾವೇ ಮಹಜರಿನಲ್ಲಿ ಬರೆದರು. ಆಮೇಲೆ ಚೀಲ ತೂಗಿಸಿದರು, ಹನ್ನೊಂದು ಕಿಲೋ ನಾನೂರು ಗ್ರಾಂ. ಕಟ್ಟಿ ಅರಗು ಹಾಕಿಸಿದರು.

"ಅದ್ಯಾಕೆ ಕಟ್ತೀರಿ?" ನೆಫಿಸೆಯ ದನಿ ಏರಿತು.

"ಮುದ್ದೇಮಾಲು, ಕೇಸಿನ ಸಾಕ್ಷಿ. ಕೇಸು ಒಂದು ದಡ ಮುಟ್ಟೋವರೆಗೂ ಕೊಡೋ ಹಾಗಿಲ್ಲ."

"ದೇಹ ಯಾವಾಗ ಕೊಡ್ತೀರಿ?"

"ನಾಳೆ ಮಧ್ಯಾಹ್ನ."

"ಚೀಲ ಕೊಡದೆ ನಾನು ದೇಹ ತಗೊಳ್ಳಲ್ಲ," ಎಂದರು ನೆಫಿಸೆ. "ಅಪ್ಪನ್ನ ಗ್ಯಾಸಲ್ಲಿ ಕಾಯಿಸಿದ ನೀರಲ್ಲಿ ತೊಳೆಸಿ ಮಣ್ಣಿಗೆ ಹಾಕೋಕೆ ನನ್ನ ಕೈಲಾಗಲ್ಲ. ಏನು ಬೇಕಾದ್ರೂ ಮಾಡ್ಕೊಳಿ."

ಸತ್ತವರನ್ನು ಅದೇ ದಿನ ಮಣ್ಣು ಮಾಡುವ ಜನ ನಾವು. ಒಂದು ದಿನ ತಡವಾದರೆ ನೆಂಟರು ಮುಖ ಮುರಿಯುತ್ತಾರೆ. ಆಕೆ ಏನು ಹೇಳುತ್ತಿದ್ದಾರೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಯಾರೂ ಎದುರಾಡಲಿಲ್ಲ.

ಹನ್ನೊಂದಕ್ಕೆ ಮೇಲಧಿಕಾರಿಯ ಫೋನು ಬಂತು.

"ಶೆವ್‌ಕೆತ್, ಶುಕ್ರವಾರ ಕಮಿಷ್ ಪ್ರತಿಷ್ಠಾನದ ಸುಲೇಖನ ಪ್ರಶಸ್ತಿ ಸಮಾರಂಭ. ನಲವತ್ತೊಂದು ದೇಶದೋರು ಸ್ಪರ್ಧೆಗೆ ಬರೆದಿದಾರೆ. ಒಂಬತ್ತು ಜನ ರಾಯಭಾರಿಗಳು ಬರ್ತಾರೆ, ಕೊಲ್ಲಿ ದೇಶದ ಸಂಸ್ಕೃತಿ ಮಂತ್ರಿನೂ ಬರ್ತಾರೆ. ತೀರ್ಪುಗಾರರ ಅಧ್ಯಕ್ಷ ಕೊಲೆಯಾಗಿ, ಕೊಲೆಗಾರ ಊರಲ್ಲಿ ಓಡಾಡ್ಕೊಂಡಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ಸೋಮವಾರ ಮಧ್ಯಾಹ್ನ ಯಾವಳೋ ಹುಡುಗಿ ಅಲ್ಲಿಂದ ಓಡಿಹೋದಳಂತಲ್ಲ?"

"ಶಿಷ್ಯೆ, ಸಾರ್. ವಿಚಾರಣೆಗೆ ಕರೆಸಿದೀನಿ."

"ಕಾಗದಪತ್ರ ಇಲ್ದೋಳಂತೆ. ಒಳಗೆ ಹಾಕು, ತಲೆನೋವು ಮುಗೀತು."

ಎಷ್ಟು ಸಲೀಸು, ನೋಡಿ. ಕಾಗದ ಇಲ್ಲದವರ ತಲೆಗೆ ಏನು ಬೇಕಾದರೂ ಕಟ್ಟಬಹುದು.

ಮಧ್ಯಾಹ್ನ 2.00. ಹುಡುಗಿಯ ಹೆಸರು ಶಿಲೇರ್, ಇಪ್ಪತ್ತನಾಲ್ಕು ವರ್ಷ, ಕುರ್ದ್ ಜನಾಂಗ. ಹುಟ್ಟಿದ್ದು ಸಿರಿಯಾದ ಹಸಕೆಯಲ್ಲಿ. ಅಲ್ಲಿಯ ಸರ್ಕಾರ ಅವಳಪ್ಪನನ್ನೂ ಪ್ರಜೆ ಎಂದು ಬರೆದುಕೊಂಡಿರಲಿಲ್ಲ, ಅವಳನ್ನೂ ಬರೆದುಕೊಳ್ಳಲಿಲ್ಲ.

"ಸೋಮವಾರ ಎಷ್ಟೊತ್ತಿಗೆ ಹೊರಟೆ?"

"ಮೂರೂವರೆಗೆ."

"ಓಡಿದ್ದು ಯಾಕೆ?"

"ದೋಣಿ ತಪ್ಪಿಹೋಗ್ತಿತ್ತು, ಸಾಹೇಬ್ರೇ."

"ಗುರುಗಳು ಹೇಗಿದ್ರು?"

"ನಗ್ತಿದ್ರು. ಶುಕ್ರವಾರ ಒಳ್ಳೇ ಬಟ್ಟೆ ಹಾಕ್ಕೊಂಡು ಬಾ ಮಗಳೇ ಅಂದ್ರು." ಅವಳು ಮುಖ ತಗ್ಗಿಸಿದಳು. "ನಾನೂ ಸ್ಪರ್ಧೆಗೆ ಬರೆದಿದ್ದೆ, ಆದ್ರೂ ಯಾಕೆ ಅಂತ ಕೇಳೋ ಧೈರ್ಯ ಬರ್ಲಿಲ್ಲ."

"ಆ ಕೋಣೇಲಿ ಕರಿಕಲಮು ಹೆರೆದಿದಾರೆ. ಸಿಪ್ಪೆ ಇಲ್ಲ. ಬಿಸಾಡಿರಬಹುದಾ?"

ಶಿಲೇರ್ ಕಣ್ಣೊರೆಸಿಕೊಂಡು ತಲೆಯೆತ್ತಿದಳು. ಇಷ್ಟು ಹೊತ್ತು ಹೆದರಿದ್ದ ಹುಡುಗಿ ಇನ್ಸ್‌ಪೆಕ್ಟರಿಗೆ ಪಾಠ ಹೇಳುವ ದನಿಯಲ್ಲಿ ಮಾತಾಡಿದಳು.

"ನಮ್ಮೋರು ಯಾರೂ ಬಿಸಾಡಲ್ಲ. ಮೊದಲನೇ ದಿನಾನೇ ಚೀಲ ಹೊಲಿದು ಕೈಗೆ ಕೊಡ್ತಾರೆ. ನಮ್ಮ ಕೈಲಿ ಹೆರೆದಿದ್ದು ನಮ್ಮ ಚೀಲಕ್ಕೇ ಹೋಗ್ಬೇಕು. ಇನ್ನೊಬ್ರ ಚೀಲಕ್ಕೆ ಹಾಕೋ ಹಾಗಿಲ್ಲ, ಕಲಮು ಅವರದ್ದಾದ್ರೂ ಅಷ್ಟೇ. ಹೆರೆದ ಕೈ ಯಾರದೋ ಸಿಪ್ಪೆ ಅವರದು."

"ನಿನ್ನ ಚೀಲ?"

ಅವಳು ತನ್ನ ಕೈಚೀಲದಿಂದ ಕೆಂಪು ಬಟ್ಟೆಯ ಪುಟ್ಟ ಸಂಚಿ ತೆಗೆದು ಮೇಜಿನ ಮೇಲಿಟ್ಟಳು. ನಾಲ್ಕು ವರ್ಷದ ಸಿಪ್ಪೆ. ಹರಡಿ ನೋಡಿದರು. ಎಲ್ಲಾ ಹಳದಿ.

ಅವಳನ್ನು ಹೊರಗೆ ಕೂರಿಸಿ ಬಂದ ದುರ್ಸುನ್ ಕೆನ್ನೆ ಕೆರೆದುಕೊಂಡ.

"ಸಾಹೇಬ್ರೇ, ತಪ್ಪು ತಿಳ್ಕೋಬೇಡಿ. ಒಂದು ಜೀವ ತೆಗೆದೋನು ಕೂತ್ಕೊಂಡು ಸಿಪ್ಪೆ ಜೋಪಾನ ಮಾಡ್ತಾನಾ?"

"ಕೊಲೆ ಮಾಡಿದೋನು ಮಾಡಲ್ಲ ಕಣೋ. ಕಲಿತೋನು ಮಾಡ್ತಾನೆ. ಕೈ ತಾನಾಗೇ ಮಾಡುತ್ತೆ. ನೀನು ಊಟ ಮುಗಿಸಿ ರೊಟ್ಟಿ ಚೂರು ಕೆಳಗೆ ಬಿದ್ರೆ ತುಳೀತೀಯಾ?"

"ಅಯ್ಯೋ, ಬಿಡ್ತು ಅನ್ನಿ. ಎತ್ತಿ ಕಣ್ಣಿಗೊತ್ತಿ ಗೋಡೆ ಮೇಲಿಡ್ತೀನಿ."

"ಯೋಚನೆ ಮಾಡಿ ಇಡ್ತೀಯಾ?"

ದುರ್ಸುನ್ ಎಫ್‌ಐಆರ್ ಪುಸ್ತಕ ಎಳೆದುಕೊಂಡ. "ಎಫ್‌ಐಆರ್‌ನಲ್ಲಿ ಆ ಕಲಮಿನ ಸಾಲು ಸೇರಿಸ್ಲಾ, ಸಾಹೇಬ್ರೇ?"

"ಸೇರಿಸು. ತಡವಾಗಿದ್ದಕ್ಕೆ ಕಾರಣಾನೂ ಬರಿ. ನಿನ್ನ ಹೆಸರು ಹಾಕಿ."

4.30ಕ್ಕೆ ಇಬ್ಬರೂ ಕಮಿಷ್ ಪ್ರತಿಷ್ಠಾನದ ಕಚೇರಿಗೆ ಹೋದರು. ಕಾರ್ಯದರ್ಶಿ ಫೆರಿದುನ್, ಐವತ್ತೆರಡು ವರ್ಷ, ಮಡಿಕೆ ಕೆಡದ ಬೂದು ಸೂಟು. ಗೋಡೆಯ ತುಂಬ ಅವರ ಫೋಟೋಗಳು. ಒಂದೊಂದರಲ್ಲೂ ಪಕ್ಕದಲ್ಲಿ ಒಬ್ಬ ರಾಯಭಾರಿ, ನಡುವೆ ಪ್ರಶಸ್ತಿ ಪಡೆದವರು. ವೆಹ್ಬಿ ಗುರುಗಳ ಹೆಸರು ಬಂದಾಗ ಕಾರ್ಯದರ್ಶಿಯ ಕಣ್ಣು ಒದ್ದೆಯಾಯಿತು. ಅದು ನಾಟಕವಲ್ಲ ಎಂದು ಶೆವ್‌ಕೆತ್‌ಗೆ ಅನ್ನಿಸಿತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರು ಅಳುವ ಕೊಲೆಗಾರರನ್ನೂ ಸಾಕಷ್ಟು ನೋಡಿದ್ದರು.

"ತೀರ್ಪು ಆಯ್ತಾ?"

"ಆಯ್ತು. ಬೇರೆ ಇಬ್ಬರು ತೀರ್ಪುಗಾರರು ಅಂಕ ಕೊಟ್ಟು ಮುಚ್ಚಿದ ಲಕೋಟೇಲಿಟ್ಟು ತಮ್ಮ ದೇಶಕ್ಕೆ ಹೋದ್ರು. ಒಟ್ಟು ಮಾಡಿ ತೀರ್ಪುಪತ್ರ ಬರೆಯೋದು ಗುರುಗಳ ಕೆಲಸ. ಸೋಮವಾರ ಐದೂವರೆಗೆ ಬಾಗಿಲಲ್ಲೇ ನನ್ನ ಕೈಗೆ ಕೊಟ್ರು."

ದಪ್ಪ ಕಾಗದ, ಕರಿಶಾಯಿ, ಬಾಗಿ ನಿಂತ ಅಕ್ಷರಗಳು. ಮೊದಲ ಬಹುಮಾನ ಕೊಲ್ಲಿ ದೇಶದ ಒಬ್ಬ ಲೇಖಕನಿಗೆ. ಕೆಳಗೆ ವೆಹ್ಬಿ ಗುರುಗಳ ಸಹಿ.

"ಲಕೋಟೆಗಳು?"

"ಪತ್ರ ಬರೆದ ಮೇಲೆ ಸುಟ್ಟುಬಿಡ್ತಾರೆ. ನಿಯಮ ಹಾಗಿದೆ."

"ನೀವೂ ಗುರುಗಳ ಹತ್ರ ಕಲಿತೋರಂತೆ?"

"ಹನ್ನೊಂದು ವರ್ಷ. ಬಿಟ್ಟು ಹದಿನೆಂಟು ವರ್ಷ ಆಯ್ತು. ಈಗ ಬಾಲ್‌ಪೆನ್ನು, ಪೆನ್ಸಿಲ್ಲು, ಅಷ್ಟೇ ನಮ್ಮ ಬರವಣಿಗೆ."

ಹಾಗೆನ್ನುತ್ತಲೇ ಅವರು ಮೊಂಡಾದ ಪೆನ್ಸಿಲ್ಲನ್ನು ಚಾಕುವಿನಿಂದ ಹೆರೆದರು. ಪಕ್ಕದಲ್ಲೇ ಕಸದ ಬುಟ್ಟಿ ಇತ್ತು. ಫೆರಿದುನ್ ಹೊಟ್ಟನ್ನು ಅಂಗೈಯಲ್ಲಿ ಒಟ್ಟು ಮಾಡಿ, ಒಂದು ಚೀಟಿಯಲ್ಲಿ ಮಡಿಸಿ, ಮೇಜಿನ ಡ್ರಾಯರಿನತ್ತ ಕೈ ಚಾಚಿದರು. ಆಮೇಲೆ ಎಚ್ಚೆತ್ತು ಚೀಟಿಯನ್ನು ಬುಟ್ಟಿಗೆ ಹಾಕಿದರು. ಶೆವ್‌ಕೆತ್ ಚಹಾ ಕುಡಿದು ಮುಗಿಸಿ, ಸ್ವೀಕೃತಿ ಬರೆದುಕೊಟ್ಟು, ತೀರ್ಪುಪತ್ರವನ್ನು ವಶಕ್ಕೆ ಪಡೆದು ಎದ್ದರು.

ಅಕ್ಟೋಬರ್ 16, ಬುಧವಾರ. ಬೆಳಿಗ್ಗೆ 9.30ಕ್ಕೆ ಪೋಸ್ಟ್‌ಮಾರ್ಟಂ ವರದಿ ಬಂತು. ಸಾವು ಸೋಮವಾರ ಮಧ್ಯಾಹ್ನ ಮೂರರಿಂದ ಸಂಜೆ ಏಳರ ನಡುವೆ. ಪೆಟ್ಟು ಬಿದ್ದ ಮೇಲೆ ಸುಮಾರು ಒಂದು ಗಂಟೆ ಜೀವ ಇತ್ತು. ಆಸ್ಪತ್ರೆಗೆ ಸಾಗಿಸಿದ್ದರೆ ಉಳಿಯುವ ಸಾಧ್ಯತೆ ಇತ್ತು ಎಂದು ವೈದ್ಯರು ಕೊನೆಯಲ್ಲಿ ಬರೆದಿದ್ದರು. ಶೆವ್‌ಕೆತ್ ಆ ಹಾಳೆಯನ್ನು ನೆಫಿಸೆಗೆ ತೋರಿಸಲಿಲ್ಲ.

ಅಕ್ಷರ ಪರೀಕ್ಷಿಸಿದ ಇಬ್ಬರು ತಜ್ಞರು ತೀರ್ಪುಪತ್ರ ವೆಹ್ಬಿ ಗುರುಗಳದ್ದೇ ಕೈ ಎಂದರು. ಶಿಲೇರ್ ಕೂಡ ತುಂಬಾ ಹೊತ್ತು ನೋಡಿ ಹಾಗೇ ಹೇಳಿದಳು.

"ಇದು ಗುರುಗಳದ್ದೇ. ಒಂದು ಕೊಂಕಿಲ್ಲ."

ಆ ಮಾತು ತನಗೇ ಮುಳುವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಪತ್ರ ಗುರುಗಳದ್ದಾದರೆ ಫೆರಿದುನ್ ಹೇಳಿದ್ದು ನಿಜ, ಬಹುಮಾನ ತಪ್ಪಿದ ಸಿಟ್ಟಿಗೆ ಅವಳೇ ಸಂಜೆ ಮತ್ತೆ ಬಂದಿದ್ದಳು ಎಂದು ಕೇಸು ಕಟ್ಟುವುದು ಸುಲಭ. ಆದರೂ ಹುಡುಗಿ ಸುಳ್ಳು ಹೇಳಲಿಲ್ಲ. ಶೆವ್‌ಕೆತ್ ಅವಳ ಆ ಮಾತನ್ನೂ ಇದ್ದ ಹಾಗೇ ಬರೆದುಕೊಂಡರು.

12.00ಕ್ಕೆ ಶವಾಗಾರದ ಬಾಗಿಲಲ್ಲಿ ನೆಫಿಸೆ ಕುರ್ಚಿ ಹಾಕಿಕೊಂಡು ಕೂತಿದ್ದರು. ದೇಹ ತಗೊಳ್ಳಿ ಎಂದು ಸಿಬ್ಬಂದಿ ಮೂರು ಸಲ ಹೇಳಿದ್ದರು, ಆಕೆ ಮೂರು ಸಲವೂ ಚೀಲ ಎಲ್ಲಿ ಎಂದು ಕೇಳಿದ್ದರು.

"ಅಕ್ಕಾ, ಒಂದೇ ಪ್ರಶ್ನೆ," ಎಂದು ಶೆವ್‌ಕೆತ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. "ನಿಮ್ಮಪ್ಪನ ಹಾಗೇ, ಅವರದ್ದೇ ಅನ್ನೋ ಹಾಗೆ ಬರೆಯೋಕೆ ಯಾರಿಗೆ ಬರುತ್ತೆ?"

"ಯಾರಿಗೂ ಬರಲ್ಲ. ಒಬ್ಬನಿಗೆ ಬರ್ತಿತ್ತು, ಅವನು ಬಿಟ್ಟುಬಿಟ್ಟ."

"ಫೆರಿದುನ್?"

"ಹ್ಞೂಂ. ಮನೇಲಿ ನನ್ನ ತಮ್ಮನ ಹಾಗೇ ಇದ್ದೋನು. ಹನ್ನೊಂದು ವರ್ಷ ಆದ್ರೂ ಅಪ್ಪ ಅವನಿಗೆ ಅಪ್ಪಣೆ ಪತ್ರ ಬರೆದುಕೊಡ್ಲಿಲ್ಲ. ಗುರು ಅಪ್ಪಣೆ ಕೊಡದೆ ಬರೆದಿದ್ದರ ಕೆಳಗೆ ಹೆಸರು ಹಾಕೋ ಹಾಗಿಲ್ಲ, ಎಷ್ಟೇ ಚೆನ್ನಾಗಿ ಬರೀಲಿ. ಅಮ್ಮ ಎಷ್ಟೋ ಸಲ ಜಗಳ ಆಡಿದ್ಳು. ಅಪ್ಪ ಒಂದೇ ಮಾತು ಹೇಳೋರು: ಅವನು ನನ್ನ ಹಾಗೇ ಬರೀತಾನೆ, ಅವನ ಹಾಗೆ ಬರೆದ ದಿನ ಸಹಿ ಹಾಕ್ಲಿ."

ಶೆವ್‌ಕೆತ್ ಎದ್ದು ನೇರ ಪ್ರಾಸಿಕ್ಯೂಟರರ ಕಚೇರಿಗೆ ಹೋದರು. 2.40ಕ್ಕೆ ಶೋಧನಾ ವಾರಂಟಿಗೆ ಸಹಿ ಬಿತ್ತು. 3.15ಕ್ಕೆ ಫೆರಿದುನ್ ಅವರ ಮೇಜಿನ ಡ್ರಾಯರನ್ನು ಇಬ್ಬರು ಪಂಚರ ಎದುರು ತೆರೆದರು. ರಾಯಭಾರಿಗಳ ವಿಸಿಟಿಂಗ್ ಕಾರ್ಡುಗಳ ಕಟ್ಟಿನ ಹಿಂದೆ ಹಸಿರು ಬಟ್ಟೆಯ ಸಂಚಿ ಇತ್ತು. ತೊಳೆದು ತೊಳೆದು ಬಣ್ಣ ಮಾಸಿತ್ತು. ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಸುರಿದರು. ಹಳದಿ ಸಿಪ್ಪೆಯ ನಡುವೆ ಮೂರು ಕರಿ ಚೂರುಗಳು.

ಶೆವ್‌ಕೆತ್ ಕರಿಕಲಮನ್ನು ತಂದಿದ್ದರು. ದೊಡ್ಡ ಚೂರನ್ನು ಇಕ್ಕಳದಲ್ಲಿ ಹಿಡಿದು ಹೆರೆದ ತುದಿಗೆ ಇಟ್ಟರು. ಸರಿಯಾಗಿ ಕೂತಿತು. ದುರ್ಸುನ್ ಬಾಯಲ್ಲಿ ದೇವರ ಹೆಸರು ಬಂತು.

"ಹದಿನೆಂಟು ವರ್ಷದ ಹಿಂದೇನೇ ಬಿಟ್ಟೆ ಅಂದ್ರಿ," ಎಂದರು ಶೆವ್‌ಕೆತ್.

"ಜನರ ಎದುರಿಗೆ ಬಿಟ್ಟಿದ್ದೆ." ಫೆರಿದುನ್ ಕುರ್ಚಿಯಲ್ಲಿ ಕುಸಿಯಲಿಲ್ಲ, ಕೂಗಾಡಲಿಲ್ಲ. "ಬೆಳಿಗ್ಗೆ ಕಚೇರಿ ತೆಗೆಯೋಕೆ ಮುಂಚೆ ಒಂದು ಸಾಲು ಬರೀತಿದ್ದೆ. ಬರೆದು ಹರಿದು ಹಾಕ್ತಿದ್ದೆ."

"ಸೋಮವಾರ ಎಷ್ಟೊತ್ತಿಗೆ ಹೋದ್ರಿ?"

"ನಾಲ್ಕಕ್ಕೆ."

"ಯಾಕೆ?"

"ಬಹುಮಾನ ಆ ಹುಡುಗಿಗೆ ಬಂದಿದೆ ಅಂತ ಬೆಳಿಗ್ಗೆ ಗುರುಗಳು ಫೋನಲ್ಲಿ ಹೇಳಿದ್ರು. ಶಿಲೇರ್‌ಗೆ. ಅವಳಿಗೆ ದೇಶಾನೇ ಇಲ್ಲ, ಸಾಹೇಬ್ರೇ. ಗೆದ್ದೋರ ಧ್ವಜ ವೇದಿಕೆ ಮೇಲೆ ನಿಲ್ಲಿಸ್ತೀವಿ. ಮೊದಲನೇ ಕಂಬಕ್ಕೆ ಯಾವ ಧ್ವಜ ಕಟ್ಲಿ? ನಾನು ಆಗ್ಲೇ ಕೊಲ್ಲಿ ದೇಶದ ಮಂತ್ರಿಗೆ ಮಾತು ಕೊಟ್ಟುಬಿಟ್ಟಿದ್ದೆ. ಬಹುಮಾನ ಅವರಿಗೆ ಅಂತ. ಅವರ ರಾಜಧಾನೀಲಿ ದೊಡ್ಡ ಸುಲೇಖನ ಶಾಲೆ ಕಟ್ಟಿಸಿ ನನ್ನನ್ನ ಮುಖ್ಯಸ್ಥ ಮಾಡ್ತೀವಿ ಅಂದಿದ್ರು."

"ಮಾತು ಕೊಡು ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನಾನೇ."

"ಗುರುಗಳು ಏನಂದ್ರು?"

"ಕಂಬ ಖಾಲಿ ಇರ್ಲಿ ಬಿಡೋ ಅಂದ್ರು. ಬರೋ ರಾಯಭಾರಿಗಳು ಆ ಖಾಲಿ ಕಂಬ ನೋಡ್ಲಿ ಅಂದ್ರು. ನಾನು ಕಾಲು ಹಿಡಿದೆ. ಆಗ ನಕ್ಕು, ನೀನು ಯಾವತ್ತೂ ಇನ್ನೊಬ್ರ ಹೆಸರಿಗೇ ಬದುಕಿದೆಯಲ್ಲೋ ಫೆರಿದುನ್ ಅಂದ್ರು. ಪ್ರೀತಿಯಿಂದಲೇ ಅಂದ್ರು. ಅದನ್ನೇ ತಡಕೊಳ್ಳೋಕಾಗಲಿಲ್ಲ. ಎದ್ದು ತಳ್ಳಿಬಿಟ್ಟೆ."

"ಜೀವ ಇತ್ತು ಅಂತ ಗೊತ್ತಿತ್ತಾ?"

ಫೆರಿದುನ್ ಗೋಡೆಯ ಫೋಟೋಗಳತ್ತ ತಿರುಗಿದರು.

"ಉಸಿರು ಕೇಳಿಸ್ತಿತ್ತು."

"ಆಗ ಏನು ಮಾಡಿದ್ರಿ?"

"ಬೆನ್ನು ಹಾಕಿ ಕೂತು ಪತ್ರ ಬರೆದೆ. ಲಕೋಟೆಗಳನ್ನ ಒಲೆಗೆ ಹಾಕ್ದೆ." ಅವರು ತಮ್ಮ ಬಲಗೈಯನ್ನು ನೋಡಿಕೊಂಡರು. "ಕೈ ನಡುಗಲಿಲ್ಲ, ಸಾಹೇಬ್ರೇ. ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ಸಹಿ ಮುಗಿಸೋ ಹೊತ್ತಿಗೆ ಉಸಿರು ನಿಂತಿತ್ತು."

ಕೋಣೆಯಲ್ಲಿದ್ದ ಪಂಚರಲ್ಲಿ ಒಬ್ಬಾತ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ.

"ಸಿಪ್ಪೆ ಯಾಕೆ ತಂದ್ರಿ? ಅಲ್ಲೇ ಬಿಟ್ಟಿದ್ರೆ ನಿಮ್ಮನ್ನ ಯಾರೂ ಹಿಡೀತಿರಲಿಲ್ಲ."

ಫೆರಿದುನ್ ಪ್ರಶ್ನೆಯೇ ಅರ್ಥವಾಗದವರಂತೆ ನೋಡಿದರು.

"ಹೆರೆದಿದ್ದು ನಾನಲ್ವಾ?"

ಸಂಜೆ 4.15ಕ್ಕೆ ಬಂಧನ. ಮಾಹಿತಿಯನ್ನು ಮೇಲಧಿಕಾರಿಗೆ ತಿಳಿಸಲಾಯಿತು. ಅತ್ತ ಕಡೆಯಿಂದ ಬಂದದ್ದು ಒಂದು ನಿಟ್ಟುಸಿರು. ಶಿಲೇರ್‌ಳನ್ನು ಮನೆಗೆ ಕಳುಹಿಸಿದರು. ಶುಕ್ರವಾರದ ಸಮಾರಂಭ ರದ್ದಾಯಿತು. ಅಂಕದ ಲಕೋಟೆಗಳು ಸುಟ್ಟುಹೋಗಿದ್ದವು, ಅಧ್ಯಕ್ಷರು ಇರಲಿಲ್ಲ. ಹೊಸ ತೀರ್ಪುಪತ್ರ ಬರೆಯುವ ಅಧಿಕಾರ ಯಾರಿಗೂ ಇಲ್ಲ ಎಂದು ಪ್ರತಿಷ್ಠಾನ ಪ್ರಕಟಣೆ ಹೊರಡಿಸಿತು. ಗೆದ್ದ ಹುಡುಗಿಯ ಹೆಸರು ಪೊಲೀಸ್ ಹೇಳಿಕೆಯಲ್ಲಿ ಮಾತ್ರ ಉಳಿಯಿತು. ಅನ್ಯಾಯ ಅಂದರೆ ಇದಕ್ಕಿಂತ ಬೇರೆ ಏನು ಬೇಕು? ದುರ್ಸುನ್ ಆ ಹೇಳಿಕೆಯ ಒಂದು ಪ್ರತಿಯನ್ನು ಮೊಹರು ಹಾಕಿಸಿ ಅವಳ ಕೈಗೆ ಕೊಟ್ಟುಬಂದ. ಹಾಗೆ ಕೊಡಲು ಅವನಿಗೆ ಯಾರೂ ಹೇಳಿರಲಿಲ್ಲ.

ಅಕ್ಟೋಬರ್ 17, ಗುರುವಾರ. ಚೀಲದ ಮೇಲಿನ ಪದರದ ಒಂದು ಹಿಡಿ ಸಿಪ್ಪೆಯನ್ನು ಸಾಕ್ಷ್ಯವಾಗಿ ಉಳಿಸಿಕೊಂಡು ಮಿಕ್ಕಿದ್ದನ್ನು ಬಿಡುಗಡೆ ಮಾಡಬಹುದೆಂದು ಪ್ರಾಸಿಕ್ಯೂಟರ್ ಆದೇಶ ಕೊಟ್ಟರು. ಬೆಳಿಗ್ಗೆ 10.00ಕ್ಕೆ ಮಸೀದಿಯ ಹಿಂದಿನ ಅಂಗಳದಲ್ಲಿ ನೆಫಿಸೆ ಮೂರು ಕಲ್ಲು ಹೂಡಿ ತಾಮ್ರದ ಹಂಡೆ ಇಟ್ಟರು. ಸಿಪ್ಪೆ ಚಟಪಟ ಎಂದು ಹೊತ್ತಿಕೊಂಡಿತು. ಶಿಲೇರ್ ಪಕ್ಕದಲ್ಲಿ ಕೂತು ಹಿಡಿ ಹಿಡಿಯಾಗಿ ಹಾಕುತ್ತಿದ್ದಳು. ಒಳಗೆ ಗಂಡಸರು ಸ್ನಾನಕ್ಕೆ ಅಣಿ ಮಾಡುತ್ತಿದ್ದರು.

"ಆ ಮೂರು ಕರಿ ಚೂರು ಕೋರ್ಟಿಂದ ವಾಪಸ್ ಬಂದ ಮೇಲೆ ನಿಮಗೆ ಕೊಡಿಸ್ಲಾ?" ಎಂದು ಶೆವ್‌ಕೆತ್ ಕೇಳಿದರು. "ನಿಮ್ಮಪ್ಪನ ಕಲಮಿನದು."

"ಬೇಡ," ಎಂದರು ನೆಫಿಸೆ, ಬೆಂಕಿಯಿಂದ ಮುಖ ತಿರುಗಿಸದೆ. "ಅದು ಅವನದು."

ಮಧ್ಯಾಹ್ನ 3.30ಕ್ಕೆ ನ್ಯಾಯಾಲಯದ ಲಾಕಪ್ಪಿನಲ್ಲಿ ವಶಪಡಿಸಿಕೊಂಡ ವಸ್ತುಗಳ ಪಟ್ಟಿಗೆ ಆರೋಪಿಯ ಸಹಿ ತೆಗೆದುಕೊಳ್ಳಬೇಕಿತ್ತು. ಪಟ್ಟಿಯಲ್ಲಿ ಏಳನೆಯದು ಹಸಿರು ಬಟ್ಟೆಯ ಸಂಚಿ. ಹದಿನೆಂಟು ವರ್ಷ ಕದ್ದುಮುಚ್ಚಿ ಬರೆದವನ ಸಿಪ್ಪೆ, ಸಂಚಿಯೂ ಸೇರಿ ತೂಕ ತೊಂಬತ್ತು ಗ್ರಾಂ. ಗುರುಗಳು ಅಪ್ಪಣೆ ಕೊಟ್ಟಿದ್ದರೆ ಈತ ಕೊಲೆಗಾರನಾಗುತ್ತಿರಲಿಲ್ಲವೇನೋ. ಕೇಸು ಡೈರಿಯಲ್ಲಿ ಅಂಥದ್ದನ್ನು ಬರೆಯಲು ಜಾಗವಿಲ್ಲ, ಶೆವ್‌ಕೆತ್ ಬರೆಯಲೂ ಇಲ್ಲ.

ಫೆರಿದುನ್ ಪೆನ್ನು ಹಿಡಿದುಕೊಂಡೇ ಕೇಳಿದರು.

"ಗುರುಗಳ ಸ್ನಾನ ಆಯ್ತಾ?"

"ಆಯ್ತು."

"ನೀರು ಚೆನ್ನಾಗಿ ಕಾದಿತ್ತಾ?"

"ಕಾದಿತ್ತು. ಕಾಲು ಚೀಲ ಉಳೀತು."

ಫೆರಿದುನ್ ತಲೆಯಾಡಿಸಿದರು. ಪಟ್ಟಿಯ ಏಳನೆಯ ಸಾಲಿನ ಮೇಲೆ ಬೆರಳಿಟ್ಟರು.

"ನಂದು ಒಂದು ಚೊಂಬು ನೀರಿಗೂ ಸಾಲಲ್ಲ, ಸಾಹೇಬ್ರೇ," ಎಂದು ಸಹಿ ಹಾಕಿದರು.